ನಿಮಗಿದು ಗೊತ್ತೇ? ಬಿಲ್ಲಿನ ಬೆನ್ನಿಗೆ ಮೀನಿನ ಚರ್ಮ!

ಬಿಲ್ಲು, ಮೀನು ಎಂದೊಡನೆ ನಮಗೆ ನೆನಪಾಗುವುದು ದ್ರೌಪದಿಯ ಸ್ವಯಂವರ. ಮೇಲೆ ತಿರುಗುವ ಮತ್ಸ್ಯಯಂತ್ರ, ಕೆಳಗೆ ನೀರಿನಲ್ಲಿ ಅದರ ಬಿಂಬ, ನಡುವೆ ಅರ್ಜುನ. ಅಲ್ಲಿ ಮೀನು ಬಾಣಕ್ಕೆ ಗುರಿ. ಈ ಅಂಕಣದ ಮೀನು ಬಿಲ್ಲಿಗೇ ಅಂಟಿಕೊಂಡಿರುವಂಥದ್ದು. ಕೈಯಲ್ಲೇ ಮರದ ಬಿಲ್ಲು ಕೆತ್ತುವವರಲ್ಲಿ ಕೆಲವರು ಅದರ ಬೆನ್ನಿಗೆ ಮೀನಿನ ಚರ್ಮ ಹೊದಿಸುತ್ತಾರೆ. ನೋಡಿದವರು ಅಲಂಕಾರ ಎಂದುಕೊಳ್ಳುತ್ತಾರೆ. ಅರ್ಧ ನಿಜ. ಉಳಿದರ್ಧ ಕೆಳಗಿದೆ.

● ಬಿಲ್ಲಿಗೂ ಬೆನ್ನು, ಹೊಟ್ಟೆ ಉಂಟು. ಗುರಿಯ ಕಡೆಗಿರುವುದು ಬೆನ್ನು, ಬಿಲ್ಲುಗಾರನ ಕಡೆಗಿರುವುದು ಹೊಟ್ಟೆ. ಹೆದೆ ಎಳೆದಾಗ ಬೆನ್ನಿನ ನಾರು ಹಿಗ್ಗುತ್ತದೆ, ಹೊಟ್ಟೆಯ ನಾರು ಕುಗ್ಗುತ್ತದೆ. ಎರಡರ ನಡುವಿನ ಒಂದು ಪದರ ಮಾತ್ರ ಹಿಗ್ಗದೆ ಕುಗ್ಗದೆ ತೆಪ್ಪಗಿರುತ್ತದೆ.

● ಬಿಲ್ಲಿನ ತೋಳು 20 ಮಿಲಿಮೀಟರ್ ದಪ್ಪವಿದೆ ಎನ್ನಿ. ಬೆನ್ನಿನ ಕಡೆಯ 2 ಮಿಲಿಮೀಟರ್, ಹೊಟ್ಟೆಯ ಕಡೆಯ 2 ಮಿಲಿಮೀಟರ್, ಇವೆರಡೇ ಸೇರಿ ಬಾಗುವಿಕೆಯ ಅರ್ಧದಷ್ಟು ಭಾರ ಹೊರುತ್ತವೆ. ನಡುವಿನ 16 ಮಿಲಿಮೀಟರಿಗೆ ಉಳಿದರ್ಧ. ಬಿಲ್ಲು ಮಾಡುವವನು ಮೇಲ್ಮೈಯ ಒಂದು ಗೀರಿಗೂ ಹೆದರುವುದು ಇದಕ್ಕೇ.

● ಮರದ ಬಿಲ್ಲು ಮುರಿಯುವುದು ಸಾಮಾನ್ಯವಾಗಿ ಬೆನ್ನಿನ ಕಡೆಯಿಂದ. ಆದರೆ ಮರಕ್ಕೆ ಎಳೆತ ತಾಳುವ ಶಕ್ತಿ ಕಡಿಮೆ ಎಂದು ಇದರ ಅರ್ಥವಲ್ಲ. ಬಹುತೇಕ ಮರಗಳು ಒತ್ತಡಕ್ಕಿಂತ ಎಳೆತವನ್ನೇ ಚೆನ್ನಾಗಿ ತಾಳುತ್ತವೆ, ನಾರು ತುದಿಯಿಂದ ತುದಿಗೆ ಅಖಂಡವಾಗಿದ್ದರೆ. ಗಂಟು ಇದ್ದಲ್ಲಿ, ಉಳಿ ತುಸು ಆಳಕ್ಕೆ ಹೋದಲ್ಲಿ, ಗೆರೆಗಳು ಓರೆಯಾಗಿ ಅಂಚಿಗೆ ಬಂದು ಕೊನೆಗೊಂಡಲ್ಲಿ ನಾರು ತುಂಡಾಗಿರುತ್ತದೆ. ಬಿಲ್ಲು ಬಾಗಿದಾಗ ಆ ತುಂಡಾದ ತುದಿ ಮೇಲೇಳುತ್ತದೆ. ಮೊದಲು ಕೂದಲೆಳೆಯಷ್ಟು ಸಿಬಿರು, ಇನ್ನೆರಡು ಸಲ ಎಳೆದರೆ ಉಗುರು ತೂರುವಷ್ಟು, ಆಮೇಲೆ ಒಂದೇ ಸದ್ದು.

● ಮೀನಿನ ಚರ್ಮದ ಕೆಲಸ ಇರುವುದು ಇಲ್ಲೇ: ಆ ಮೊದಲ ಸಿಬಿರು ಏಳದಂತೆ ಅದುಮಿ ಹಿಡಿಯುವುದು. ಅಷ್ಟೇ. ಚರ್ಮ ಹೊದಿಸಿದರೆ ಬಿಲ್ಲಿನ ಬಲ ಹೆಚ್ಚುತ್ತದೆ, ಬಾಣ ದೂರ ಹೋಗುತ್ತದೆ ಎಂದು ಮಾರುವವರು ಹೇಳಿದರೆ ನಂಬಬೇಡಿ. ಆ ಕೆಲಸ ಮಾಡುವುದು ಪ್ರಾಣಿಗಳ ಸ್ನಾಯುರಜ್ಜು, ಅಂದರೆ ಆಡುಮಾತಿನಲ್ಲಿ ನಾವು ನರ ಎನ್ನುವ ಬಿಳಿ ನಾರು. ಅದನ್ನು ಎಳೆ ಎಳೆಯಾಗಿ ಬಿಡಿಸಿ ಅಂಟಿನಲ್ಲಿ ಅದ್ದಿ ಬೆನ್ನಿಗೆ ಮೆತ್ತಿದರೆ ಅದು ರಬ್ಬರಿನಂತೆ ಶಕ್ತಿ ಹಿಡಿದಿಟ್ಟುಕೊಂಡು ಬಿಟ್ಟುಕೊಡುತ್ತದೆ. ಮರ ಸುಮಾರು ನೂರಕ್ಕೆ ಒಂದು ಪಾಲು ಹಿಗ್ಗುವ ಹೊತ್ತಿಗೆ ಮುರಿಯುವ ಅಂಚಿಗೆ ಬಂದಿರುತ್ತದೆ. ಸ್ನಾಯುರಜ್ಜು ಅದರ ಹಲವು ಪಟ್ಟು ಹಿಗ್ಗುತ್ತದೆ. ಮೀನಿನ ಚರ್ಮ ಇಷ್ಟೊಂದು ದುಡಿಯುವುದಿಲ್ಲ, ಕಾವಲು ಕಾಯುತ್ತದೆ.

● ಹಾಗಿದ್ದರೆ ಹಸುವಿನ ಚರ್ಮವನ್ನೇ ಹೊದಿಸಬಹುದಲ್ಲ? ಹೊದಿಸುತ್ತಾರೆ. ರೇಷ್ಮೆ ಬಟ್ಟೆ, ನಾರುಬಟ್ಟೆ, ಬಿದಿರಿನ ಸೀಳು, ಹಾವಿನ ಚರ್ಮ, ಗಟ್ಟಿ ಕಾಗದ, ಎಲ್ಲವೂ ಬೆನ್ನಿಗೆ ಏರಿವೆ. ಮೀನಿನ ಚರ್ಮದ ಅನುಕೂಲ ಎರಡು. ಒಂದು, ತೆಳು ಮತ್ತು ಹಗುರ. ಬಿಲ್ಲಿನ ತುದಿಯಲ್ಲಿ ತೂಕ ಏರಿದಷ್ಟೂ ಬಾಣದ ವೇಗ ಇಳಿಯುತ್ತದೆ, ಹೀಗಾಗಿ ಇದು ಸಣ್ಣ ಲಾಭವೇನಲ್ಲ. ಎರಡು, ಅದು ಹೊಟ್ಟೆಯ ಮೇಲೆ ಜಬರದಸ್ತು ಮಾಡುವುದಿಲ್ಲ. ಬಿದಿರಿನಂಥ ಗಟ್ಟಿ ಹೊದಿಕೆ ಮೆದು ಮರದ ಬೆನ್ನೇರಿದರೆ ಬೆನ್ನು ಹಿಗ್ಗಲು ಒಪ್ಪದೆ ಹೊಟ್ಟೆಯ ನಾರು ಜಜ್ಜಿಹೋಗಿ ಅಡ್ಡಡ್ಡ ಸಣ್ಣ ಸುಕ್ಕುಗಳು ಬೀಳುತ್ತವೆ.

● ಮೀನಿನ ಚರ್ಮದ ಗಟ್ಟಿತನದ ಗುಟ್ಟು ಅದರ ನೇಯ್ಗೆಯಲ್ಲಿದೆ. ಒಳಗಿನ ಕೊಲಾಜನ್ ನಾರುಗಳು ಪದರ ಪದರವಾಗಿ, ಒಂದು ಎಡಕ್ಕೆ ಓರೆ ಇನ್ನೊಂದು ಬಲಕ್ಕೆ ಓರೆ ಎಂಬಂತೆ ಮೈಯನ್ನು ಸುರುಳಿ ಸುತ್ತಿರುತ್ತವೆ. ಯಾವ ದಿಕ್ಕಿಗೆ ಹರಿಯಲು ನೋಡಿದರೂ ಅಡ್ಡ ಬರುವ ನಾರೊಂದು ಇದ್ದೇ ಇರುತ್ತದೆ. ಈಜುವಾಗ ಚರ್ಮವೂ ಸ್ನಾಯುವಿನ ಜೊತೆ ದುಡಿಯುತ್ತದೆ, ಅದು ಬರೀ ಹೊದಿಕೆಯಲ್ಲ ಎಂದು ಶಾರ್ಕ್‌ಗಳನ್ನು ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು 1978ರಲ್ಲಿ ವಾದಿಸಿದರು.

● ಅರಬ್ ಸಂಗೀತದ ರಿಕ್ ಎಂಬ ಗೆಜ್ಜೆಗಳುಳ್ಳ ಪುಟ್ಟ ತಮಟೆಗೆ ಹಿಂದೆ ಬಿಗಿಯುತ್ತಿದ್ದುದು ಮೀನಿನ ಚರ್ಮ. ನಮ್ಮ ಖಂಜಿರಕ್ಕೆ ಉಡದ ಚರ್ಮ ಇತ್ತು. ಉಡವೀಗ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ.

● ಮೀನಿನ ಚರ್ಮವನ್ನು ಜನ ಉಟ್ಟಿದ್ದೂ ಉಂಟು. ರಷ್ಯಾ ಮತ್ತು ಚೀನಾದ ಗಡಿಯಲ್ಲಿ ಹರಿಯುವ ಅಮೂರ್ ನದಿಯ ದಂಡೆಯ ನಾನಾಯ್ ಜನ (ಚೀನಾ ಕಡೆಯಲ್ಲಿ ಇವರು ಹೆಜ್ಹೆ) ಸಾಲ್ಮನ್, ಗೆಂಡೆ ಮೊದಲಾದ ಮೀನುಗಳ ಚರ್ಮ ಹದಮಾಡಿ, ತುಂಡುಗಳನ್ನು ಜೋಡಿಸಿ ನಿಲುವಂಗಿ ಹೊಲಿಯುತ್ತಿದ್ದರು. ಜಪಾನಿನ ಉತ್ತರದ ಐನು ಜನ ಸಾಲ್ಮನ್ ಚರ್ಮದ ಪಾದರಕ್ಷೆ ಮೆಟ್ಟಿ ಹಿಮದಲ್ಲಿ ನಡೆದರು. ಐಸ್‌ಲ್ಯಾಂಡಿನಲ್ಲಿ ಬೆಟ್ಟದ ದಾರಿಯ ದೂರವನ್ನು ಎಷ್ಟು ಜೊತೆ ಮೀನುಚರ್ಮದ ಮೆಟ್ಟು ಸವೆಯುತ್ತದೆ ಎಂಬ ಲೆಕ್ಕದಲ್ಲಿ ಹೇಳುತ್ತಿದ್ದರಂತೆ. ಮೆಟ್ಟು ಬೇಗ ಸವೆಯುತ್ತಿತ್ತು ಎಂಬುದಕ್ಕೂ ಇದೇ ಸಾಕ್ಷಿ ಎನ್ನಿ.

● ಬ್ರೆಜಿಲ್‌ನ ಫೋರ್ಟಲೆಜಾ ನಗರದ ವೈದ್ಯರು ಸುಟ್ಟ ಗಾಯಕ್ಕೆ ಶುದ್ಧೀಕರಿಸಿದ ಟಿಲಾಪಿಯಾ ಮೀನಿನ ಚರ್ಮವನ್ನೇ ಪಟ್ಟಿಯಾಗಿ ಹಾಕಿ ನೋಡಿದರು. ಗಾಯಕ್ಕೆ ಅಂಟಿಕೊಂಡು ತೇವ ಕಾಪಾಡುತ್ತದೆ, ದಿನವೂ ಪಟ್ಟಿ ಬದಲಿಸುವ ಯಾತನೆ ತಪ್ಪುತ್ತದೆ. ಬಿಲ್ಲಿನ ಗಾಯಕ್ಕೂ ಮನುಷ್ಯನ ಗಾಯಕ್ಕೂ ಒಂದೇ ಮದ್ದು!

● ಇನ್ನು ಹೊದಿಸುವ ಬಗೆ. ಮೊದಲ ತೊಡಕು ಚರ್ಮ ಸಿಗುವುದೇ. ನಮ್ಮಲ್ಲಿ ಮೀನನ್ನು ಚರ್ಮಸಮೇತ ತಿನ್ನುವುದು ರೂಢಿ. ಮಾರುಕಟ್ಟೆಯಲ್ಲಿ ಬರೀ ಚರ್ಮ ಕೊಡಿ ಎಂದರೆ "ಮೀನು ಬೇಡವಾ ಅಣ್ಣಾ?" ಎಂಬ ಮಾತು ಕೇಳಿಸಿಕೊಳ್ಳಲು ಸಿದ್ಧರಿರಬೇಕು. ಬಿಲ್ಲಿನ ಒಂದೊಂದು ತೋಳಿಗೆ ಒಂದೊಂದು ಉದ್ದನೆಯ ಚರ್ಮ ಬೇಕು. ಹೀಗಾಗಿ ಒಂದೇ ಅಳತೆಯ ಎರಡು ದೊಡ್ಡ ಮೀನು ಆರಿಸುತ್ತಾರೆ.

ಚರ್ಮವನ್ನು ಹಲಗೆಯ ಮೇಲೆ ಹರಡಿ, ಒಳಮೈಗೆ ಅಂಟಿದ ಮಾಂಸವನ್ನು ಮೊಂಡು ಚಾಕುವಿನಿಂದ ಹೆರೆಯುತ್ತಾರೆ. ಚಾಕು ಹರಿತವಿದ್ದರೆ ಚರ್ಮ ತೂತು. ಆಮೇಲೆ ತಿರುಗಿಸಿ ಬಾಲದಿಂದ ತಲೆಯತ್ತ ಕೆರೆದು ಹುರುಪೆ ತೆಗೆಯುವುದು. ಹುರುಪೆ ಉದುರಿದರೂ ಅದು ಕೂತಿದ್ದ ಗೂಡು ಚರ್ಮದಲ್ಲೇ ಉಳಿಯುತ್ತದೆ. ಒಣಗಿದ ಮೇಲೆ ಬಿಲ್ಲಿನ ಮೇಲೆ ಕಾಣುವ ಆ ಚೆಂದದ ಜಾಲರಿ ಹುರುಪೆಯದಲ್ಲ, ಈ ಖಾಲಿ ಗೂಡುಗಳದು. ಬಳಿಕ ತಣ್ಣೀರಿನಲ್ಲಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಹಲವು ಬಾರಿ ತಿಕ್ಕಿ ತೊಳೆಯಬೇಕು. ಜಿಡ್ಡು ಉಳಿದರೆ ಅಂಟು ಹಿಡಿಯುವುದಿಲ್ಲ. ಸಾಲ್ಮನ್‌ನಂಥ ಎಣ್ಣೆ ಮೀನಿಗಂತೂ ಇದೇ ಮುಖ್ಯ ಕೆಲಸ, ಬೇಸರದ ಕೆಲಸವೂ ಹೌದು.

ಬಿಲ್ಲಿನ ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ ತುಸು ತರಿಯಾಗಿಸಿ, ಕೈಯ ಜಿಡ್ಡು ಹತ್ತದಂತೆ ಒರೆಸಿ, ಅಂಟು ಬಳಿಯುತ್ತಾರೆ. ಚರ್ಮದ ಒಳಮೈಗೂ ಅಂಟು. ಮೀನಿನ ಬೆನ್ನುಗೆರೆ ಬಿಲ್ಲಿನ ತೋಳಿನ ನಡುಗೆರೆಗೆ ಸರಿಯಾಗಿ ಕೂರಬೇಕು. ತಲೆಯ ಕಡೆಯ ಅಗಲ ಭಾಗ ಹಿಡಿಯತ್ತ, ಬಾಲದ ಸಪುರ ಭಾಗ ತುದಿಯ ಕೊಪ್ಪಿನತ್ತ. ಮೀನಿನ ಮೈಯೂ ಬಿಲ್ಲಿನ ತೋಳೂ ಒಂದೇ ರೀತಿ ಸಪುರವಾಗುತ್ತ ಹೋಗುವುದರಿಂದ ಹೇಳಿ ಮಾಡಿಸಿದಂತೆ ಕೂರುತ್ತದೆ. ಬೆನ್ನಿನ ಈಜುರೆಕ್ಕೆ ಇದ್ದಲ್ಲಿ ಸೀಳು ಉಳಿದಿರುತ್ತದೆ, ಅದರ ಅಂಚುಗಳನ್ನು ಬೆರಳಿನಿಂದ ತಳ್ಳಿ ಕೂಡಿಸಬೇಕು. ಎರಡೂ ಚರ್ಮ ಸೇರುವ ಜಾಗ ಬಿಲ್ಲಿನ ನಡುವೆ. ಅಲ್ಲಿ ಬಿಲ್ಲು ಹೆಚ್ಚು ಬಾಗುವುದಿಲ್ಲ, ಮೇಲೆ ಹಿಡಿಯ ಸುತ್ತು ಬರುವುದರಿಂದ ಬೆಸುಗೆ ಕಣ್ಣಿಗೂ ಬೀಳುವುದಿಲ್ಲ. ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಬಂದರೆ ಗಾಳಿಗುಳ್ಳೆಗಳೂ ಹೆಚ್ಚಾದ ಅಂಟೂ ಹೊರಬರುತ್ತವೆ. ಮೇಲೆ ಬ್ಯಾಂಡೇಜ್ ಬಟ್ಟೆ ಸುತ್ತಿ ನೆರಳಿನಲ್ಲಿ ಬಿಡುವುದು. ಒಣಗುತ್ತ ಚರ್ಮ ಕುಗ್ಗಿ ತಾನೇ ಬಿಗಿಯಾಗುತ್ತದೆ. ಅಂಚಿನಲ್ಲಿ ಉಳಿದದ್ದನ್ನು ಅರದಿಂದ ಉಜ್ಜಿ ತೆಗೆದರೆ ಆಯಿತು.

● ಈ ಚರ್ಮವನ್ನು ಹದಮಾಡುವುದಿಲ್ಲ ಎಂಬುದನ್ನು ಗಮನಿಸಿ. ಹದಮಾಡಿದ ಚರ್ಮ ಮೆತ್ತಗೆ, ಚೀಲಕ್ಕೆ ಸರಿ. ಬಿಲ್ಲಿಗೆ ಬೇಕಾದದ್ದು ಒಣಗಿ ಗಡುಸಾಗುವ ಹಸಿ ಚರ್ಮವೇ.

● ಬಿಸಿನೀರು ಮಾತ್ರ ಕೂಡದು. ಮೀನಿನ ಕೊಲಾಜನ್ ದನದ ಕೊಲಾಜನ್‌ಗಿಂತ ಕಡಿಮೆ ಶಾಖಕ್ಕೇ ಸಡಿಲವಾಗುತ್ತದೆ, ತಣ್ಣನೆಯ ಕಡಲಿನ ಮೀನಾದರೆ ಇನ್ನೂ ಬೇಗ. ಬಿಸಿನೀರಿನಲ್ಲಿ ತೊಳೆದ ಚರ್ಮ ಮುದುರಿ ಕೈಗೆ ಅಂಟುವ ಲೋಳೆಯಾಗುತ್ತದೆ. ಹಳೆಯ ಪದ್ಧತಿಯವರು ಕಾಯಿಸಿದ ಚಕ್ಕಳದ ಅಂಟು ಬಳಸಿದರೂ ಅದನ್ನು ತುಸು ಆರಲು ಬಿಟ್ಟೇ ಚರ್ಮ ಇಡುತ್ತಾರೆ. ಮರಗೆಲಸದ ಬಿಳಿ ಅಂಟಿನವರಿಗೆ ಈ ತಲೆನೋವಿಲ್ಲ.

● ಕೆಡುಕಿನಲ್ಲೂ ಒಳ್ಳೆಯದು ನೋಡಿ. ಬಿಸಿಗೆ ಕರಗುವ ಈ ಗುಣವೇ ಮೀನಿನ ಚರ್ಮವನ್ನು ಅಂಟಾಗಿಸಿದ್ದು. ನನ್ನ ಲೆಕ್ಕದಲ್ಲಿ ಬಿಲ್ಲಿನ ಚರಿತ್ರೆಯಲ್ಲಿ ಮೀನಿನ ದೊಡ್ಡ ಪಾತ್ರ ಇದೇ. ಹೊದಿಕೆಯಾಗಿ ಮೀನು ಅಲ್ಲೊಂದು ಇಲ್ಲೊಂದು ಬಿಲ್ಲಿನಲ್ಲಿ ಕಂಡೀತು. ಅಂಟಾಗಿ ಅದು ಖಂಡ ಖಂಡಗಳನ್ನೇ ದಾಟಿದೆ.

1732ರಲ್ಲಿ 25ರ ಹರೆಯದ ಕಾರ್ಲ್ ಲಿನಾಯಸ್, ಮುಂದೆ ಗಿಡಮರ ಪ್ರಾಣಿಗಳಿಗೆಲ್ಲ ಎರಡು ಪದದ ಲ್ಯಾಟಿನ್ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದಾತ, ಸ್ವೀಡನ್ನಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿನಲ್ಲಿ ಅಲೆಯುತ್ತಿದ್ದ. ಅಲ್ಲಿನ ಸಾಮಿ ಜನ ಬಿಲ್ಲು ಮಾಡುವುದನ್ನು ಬರೆದಿಟ್ಟ. ಎರಡು ಜಾತಿಯ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸುತ್ತಿದ್ದರು. ಅಂಟು ಪರ್ಚ್ ಎಂಬ ಸಿಹಿನೀರಿನ ಮೀನಿನ ಚರ್ಮದ್ದು. ದೊಡ್ಡ ಪರ್ಚ್‌ಗಳ ಚರ್ಮ ಒಣಗಿಸಿ, ಬೇಕಾದಾಗ ತಣ್ಣೀರಲ್ಲಿ ನೆನೆಹಾಕಿ ಹುರುಪೆ ಉಜ್ಜಿ ತೆಗೆದು, ನಾಲ್ಕೈದನ್ನು ಒಟ್ಟಿಗೆ ಹಿಮಸಾರಂಗದ ಮೂತ್ರಕೋಶದೊಳಗೋ ಬರ್ಚ್ ತೊಗಟೆಯ ಪೊಟ್ಟಣದೊಳಗೋ ಇಟ್ಟು, ಕುದಿಯುವ ನೀರಿನ ಪಾತ್ರೆಯಲ್ಲಿ ಮುಳುಗಿಸುತ್ತಿದ್ದರು. ನೀರು ಚರ್ಮಕ್ಕೆ ತಾಗಬಾರದು, ಬರೀ ಶಾಖ ತಾಗಬೇಕು. ಸುಮಾರು ಒಂದು ಗಂಟೆಯಲ್ಲಿ ಬಿಲ್ಲಿನ ಅಂಟು ಸಿದ್ಧ. ನೀರು ಸೇರದ್ದರಿಂದ ಅಂಟು ಮಂದವಾಗಿಯೇ ಸಿಗುತ್ತದೆ. ಪ್ರಯೋಗಾಲಯವಿಲ್ಲದೆ ಕಂಡುಕೊಂಡ ಈ ಉಪಾಯಕ್ಕೆ ತಲೆದೂಗಲೇಬೇಕು.

● ಆ ಸಾಮಿ ಬಿಲ್ಲಿನ ಮರಗಳೂ ಸಾಮಾನ್ಯವಲ್ಲ. ಬೆನ್ನಿಗೆ ಬರ್ಚ್. ಹೊಟ್ಟೆಗೆ ವಾಲಿ ಬೆಳೆದ ಪೈನ್ ಮರದ ಕೆಳಮೈಯಿಂದ ಸೀಳಿದ ತುಂಡು. ವಾಲಿದ ಮರದ ಕೆಳಮೈ ಬದುಕಿಡೀ ಭಾರ ಹೊತ್ತು ಒತ್ತಡ ತಾಳಲೆಂದೇ ಗಡುಸಾಗಿ ಬೆಳೆದಿರುತ್ತದೆ. ಸೈಬೀರಿಯಾದ ಖಾಂತಿ ಜನರ ಬಿಲ್ಲೂ ಇದೇ ಜೋಡಿ, ಅದಕ್ಕೂ ಮೀನಿನ ಅಂಟೇ.

● ಭೂಗೋಳದ ಇನ್ನೊಂದು ಮಗ್ಗುಲಿಗೆ ಬನ್ನಿ. 1911ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್ ಊರಿನ ಅಂಚಿನಲ್ಲಿ ಹಸಿದು ಬಸವಳಿದ ಒಬ್ಬ ಮನುಷ್ಯ ಕಾಣಿಸಿಕೊಂಡ. ಯಾಹಿ ಎಂಬ ಬುಡಕಟ್ಟಿನಲ್ಲಿ ಉಳಿದ ಕೊನೆಯವನು. ತನ್ನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ, ಸಂಶೋಧಕರು ಇಶಿ ಎಂದು ಕರೆದರು. ಅವನನ್ನು ನೋಡಿಕೊಳ್ಳುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದಲೇ ಬಿಲ್ಲುವಿದ್ಯೆ ಕಲಿತ, ಅವನು ಬಿಲ್ಲು ಮಾಡುವ ಒಂದೊಂದು ಹಂತವನ್ನೂ ಬರೆದುಕೊಂಡ. ಇಶಿ ಜುನಿಪರ್ ಮರದ ಬಿಲ್ಲಿನ ಬೆನ್ನನ್ನು ತರಿ ಮಾಡಿ, ಸಾಲ್ಮನ್ ಚರ್ಮ ಕುದಿಸಿದ ಅಂಟು ಬಳಿದು, ಜಿಂಕೆಯ ಕಾಲಿನ ಸ್ನಾಯುರಜ್ಜುವನ್ನು ಬಾಯಲ್ಲಿ ಜಗಿದು ಎಳೆ ಬಿಡಿಸಿ ಅದರ ಮೇಲೆ ಮೆತ್ತುತ್ತಿದ್ದ. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಪ್ರಕಟಿಸಿದ ಪುಸ್ತಕ ಅಮೆರಿಕದಲ್ಲಿ ಕೈಯಲ್ಲೇ ಬಿಲ್ಲು ಮಾಡುವ ಹವ್ಯಾಸಕ್ಕೆ ಮತ್ತೆ ಜೀವ ಕೊಟ್ಟಿತು. ಲ್ಯಾಪ್‌ಲ್ಯಾಂಡಿಗೂ ಕ್ಯಾಲಿಫೋರ್ನಿಯಾಕ್ಕೂ ಯಾವ ಪತ್ರವ್ಯವಹಾರವೂ ಇರಲಿಲ್ಲ. ಅಲ್ಲಿ ಪರ್ಚ್, ಇಲ್ಲಿ ಸಾಲ್ಮನ್.

● ಆಟೋಮನ್ ತುರ್ಕರು ಇನ್ನೂ ಆಯ್ದು ಆರಿಸುವವರು. ಅವರ ಮರ, ಕೊಂಬು, ಸ್ನಾಯುರಜ್ಜು ಸೇರಿದ ಬಿಲ್ಲಿಗೆ ಮೆಚ್ಚಿನ ಅಂಟು ಡ್ಯಾನ್ಯೂಬ್ ನದಿಯ ಸ್ಟರ್ಜನ್ ಮೀನಿನದು. ಅದೂ ಮೈಚರ್ಮದ್ದಲ್ಲ, ಬಾಯೊಳಗಿನ ಅಂಗುಳಿನ ಚರ್ಮದ್ದು!

● ಚೀನಾದಲ್ಲಿ ಚರ್ಮ ಬಿಟ್ಟು ಮೀನಿನ ಗಾಳಿಚೀಲ ಹಿಡಿದರು. ಪ್ರಾಚೀನ ಕುಶಲಕಲೆಗಳ ಗ್ರಂಥ 'ಕಾವ್‌ಗೊಂಗ್ ಜಿ' ಬಿಲ್ಲಿಗೆ ಆಗುವ ಆರು ಅಂಟುಗಳನ್ನು ಹೆಸರಿಸುತ್ತದೆ: ಜಿಂಕೆ, ಕುದುರೆ, ಎತ್ತು, ಇಲಿ, ಮೀನು, ಘೇಂಡಾಮೃಗ. 1637ರಲ್ಲಿ ಸೊಂಗ್ ಯಿಂಗ್‌ಶಿಂಗ್ ಬರೆದ ಕೈಗಾರಿಕಾ ಗ್ರಂಥ 'ತಿಯಾನ್‌ಗೊಂಗ್ ಕಾಯ್‌ವು', ಪೂರ್ವ ಕರಾವಳಿಯ ಕ್ರೋಕರ್ ಜಾತಿಯ ಮೀನಿನ ಗಾಳಿಚೀಲದ ಅಂಟು ಲೋಹವನ್ನೂ ಮೀರಿಸುವಷ್ಟು ಗಟ್ಟಿ ಎಂದು ಹೊಗಳುತ್ತದೆ. ಇದೇ ಕುಲದ ಮೀನು ಗುಜರಾತಿನ ಘೋಲ್. 2023ರಲ್ಲಿ ಅದು ಆ ರಾಜ್ಯದ ರಾಜ್ಯಮೀನಾಯಿತು. ಗಾಳಿಚೀಲ ಈಗಲೂ ಚಿನ್ನದ ಬೆಲೆಗೆ ಪೂರ್ವದೇಶಗಳಿಗೆ ಹೋಗುತ್ತದೆ, ಅಂಟಿಗಲ್ಲ, ಊಟಕ್ಕೆ.

● ಸ್ಟರ್ಜನ್ ಗಾಳಿಚೀಲದ ಅಂಟನ್ನು ಹಳೆಯ ವರ್ಣಚಿತ್ರಗಳ ಎದ್ದುಬಂದ ಬಣ್ಣ ಕೂರಿಸಲು ಈಗಲೂ ಬಳಸುತ್ತಾರೆ. ಗಾಳಿಚೀಲದ್ದೇ ಇನ್ನೊಂದು ಉಪಯೋಗ ಬ್ರಿಟನ್ನಿನಲ್ಲಿ ಬಿಯರ್ ತಿಳಿಗೊಳಿಸುವುದು. ಸಸ್ಯಾಹಾರಿಗಳು ಮುನಿಸಿಕೊಂಡ ಮೇಲೆ ಕೆಲವು ಕಂಪನಿಗಳು ಅದನ್ನು ಕೈಬಿಟ್ಟವು.

● ಇಂಥ ಅಂಟುಗಳಿಗೆಲ್ಲ ಒಂದೇ ಶತ್ರು, ತೇವ. ಸೊಂಗ್ ಯಿಂಗ್‌ಶಿಂಗ್ ಬರೆಯುವ ಪ್ರಕಾರ ಮಳೆಗಾಲದಲ್ಲಿ ಸೇನಾಧಿಕಾರಿಗಳ ಮನೆಯಲ್ಲಿ ಬಿಲ್ಲಿಗೆಂದೇ ಕೆಂಡದ ಕಾವಿನ ಕಪಾಟು ಇರುತ್ತಿತ್ತು. ಅಷ್ಟು ಅನುಕೂಲವಿಲ್ಲದ ಸಿಪಾಯಿ ತನ್ನ ಬಿಲ್ಲನ್ನು ಒಲೆಯ ಮೇಲಿನ ಹೊಗೆಗೂಡಿನ ಬಳಿ ಇಡುತ್ತಿದ್ದ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಆಷಾಢದಲ್ಲಿ ಬೂಸಲು ಹಿಡಿಯುವ ವಸ್ತುವೆಲ್ಲ ಒಲೆಯ ಮೇಲಿನ ಅಟ್ಟಕ್ಕೇ ಹೋಗುವುದು.

● ನಮ್ಮ ದೇಶದಲ್ಲಿ ತೇವದ ಕಾಟಕ್ಕೆ ಇನ್ನೊಂದು ಉತ್ತರ ಹುಡುಕಿದರು: ಉಕ್ಕಿನ ಬಿಲ್ಲು. ಮೊಘಲರ ಕಾಲದ ಕೊಂಬಿನ ಬಿಲ್ಲುಗಳು ಬಾಣ ಬಿಡುವುದರಲ್ಲಿ ಉತ್ತಮವೇ, ಆದರೆ ಮಳೆಗಾಲ ಬಂದರೆ ಅಂಟು ಸಡಿಲ. ಉಕ್ಕಿನ ಬಿಲ್ಲು ಅಷ್ಟು ಚುರುಕಲ್ಲ, ಆದರೆ ಶಸ್ತ್ರಾಗಾರದಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಕರೆದಾಗ ಬರುತ್ತದೆ. ಇಂಥ ಭಾರತೀಯ ಬಿಲ್ಲುಗಳನ್ನು ಮ್ಯೂಸಿಯಮ್ಮುಗಳಲ್ಲಿ ಇಂದಿಗೂ ಕಾಣಬಹುದು.

● ಉತ್ತರ ಧ್ರುವದ ಬಳಿಯ ಇನುಯಿಟ್ ಜನ ಅಂಟನ್ನೇ ಬಿಟ್ಟರು. ಕಡಲು ತಂದು ಹಾಕಿದ ಬಡಕಲು ಮರವೇ ಅವರಿಗೆ ಗತಿ. ಅದರ ಬೆನ್ನಿಗೆ ಸ್ನಾಯುರಜ್ಜುವಿನ ಹುರಿ ಹೆಣೆದು ಬಿಗಿದು ಕಟ್ಟಿದರು.

● ಹೊದಿಕೆಯೇ ಬೇಡದ ಬಿಲ್ಲೂ ಇದೆ. ಯೂ ಮರದ ತೊಗಟೆಯ ಕೆಳಗಿನ ಬಿಳಿ ಭಾಗ ಎಳೆತಕ್ಕೆ ಗಟ್ಟಿ, ಒಳಗಿನ ಕೆಂಪು ಕೆಚ್ಚು ಒತ್ತಡಕ್ಕೆ ಗಟ್ಟಿ. ಎರಡೂ ಸೇರುವಲ್ಲಿಂದ ಬಿಲ್ಲು ಸೀಳಿದರೆ ಪ್ರಕೃತಿಯೇ ಹೊದಿಕೆ ಅಂಟಿಸಿ ಕೊಟ್ಟಂತೆ. ಇಂಗ್ಲಿಷರ ಉದ್ದ ಬಿಲ್ಲು ಇದೇ. 1472ರಲ್ಲಿ ಇಂಗ್ಲೆಂಡ್ ಒಂದು ಕಾನೂನು ತಂದಿತು: ಸರಕು ತರುವ ಹಡಗು ಪ್ರತಿ ಟನ್ ಎಂಬ ಅಳತೆಗೆ ನಾಲ್ಕು ಬಿಲ್ಲಿನ ಮರವನ್ನೂ ತರಬೇಕು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ 'ಮೇರಿ ರೋಸ್' ಯುದ್ಧನೌಕೆಯಲ್ಲಿ ನೂರಕ್ಕೂ ಹೆಚ್ಚು ಇಡೀ ಬಿಲ್ಲುಗಳು ಸಿಕ್ಕವು.

● 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ 5,000 ವರ್ಷಕ್ಕೂ ಹಳೆಯ ಮನುಷ್ಯ ಓಟ್ಜಿಯ ಬಳಿ 1.82 ಮೀಟರ್ ಉದ್ದದ ಯೂ ಬಿಲ್ಲಿತ್ತು. ಕೆತ್ತನೆ ಇನ್ನೂ ಮುಗಿದಿರಲಿಲ್ಲ, ಉಪಕರಣದ ಏಟಿನ ಗುರುತುಗಳು ಹಾಗೇ ಇವೆ. ಡೆನ್ಮಾರ್ಕಿನ ಹೊಲ್ಮೆಗಾರ್ಡ್ ಜೌಗಿನಲ್ಲಿ ಸಿಕ್ಕ ಎಲ್ಮ್ ಮರದ ಬಿಲ್ಲುಗಳು ಅದಕ್ಕಿಂತಲೂ ಹಳೆಯವು, ಸುಮಾರು 9,000 ವರ್ಷ.

● ನಮ್ಮ ಕಡೆಗೆ ಬಂದರೆ, ಕೌಟಿಲ್ಯನ ಅರ್ಥಶಾಸ್ತ್ರ ಬಿಲ್ಲಿಗೆ ನಾಲ್ಕು ವಸ್ತು ಹೇಳುತ್ತದೆ: ತಾಳೆ, ಬಿದಿರು, ಮರ, ಕೊಂಬು. ಹೆದೆಗೆ ಎಕ್ಕದ ನಾರು, ಸೆಣಬು, ಬಿದಿರು, ಸ್ನಾಯುರಜ್ಜು ಇತ್ಯಾದಿ. ಎಕ್ಕದ ಗಿಡ ನಮ್ಮ ಬೇಲಿ ಬೇಲಿಯಲ್ಲೂ ಇದೆ, ಅದರ ಕಾಂಡದ ನಾರು ಎಷ್ಟು ಗಟ್ಟಿ ಎಂದು ಎಳೆದು ನೋಡಿದವರು ಕಡಿಮೆ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ಕ್ಸರ್ಕ್ಸಸ್ ಗ್ರೀಸಿನ ಮೇಲೆ ದಂಡೆತ್ತಿ ಹೋದಾಗ ಅವನ ಸೇನೆಯಲ್ಲಿ ಹತ್ತಿಬಟ್ಟೆ ತೊಟ್ಟು ಬೆತ್ತದ ಬಿಲ್ಲು ಹಿಡಿದ ಭಾರತೀಯರಿದ್ದರೆಂದು ಹೆರೊಡೊಟಸ್ ಬರೆದಿದ್ದಾನೆ. ಅಲೆಕ್ಸಾಂಡರನ ಕಡೆಯವರನ್ನು ಆಧರಿಸಿ ಏರಿಯನ್ ಬರೆದದ್ದು ಇನ್ನೂ ಸೊಗಸು: ಭಾರತದ ಕಾಲಾಳಿನ ಬಿಲ್ಲು ಆಳೆತ್ತರ, ಅದನ್ನು ನೆಲಕ್ಕೆ ಊರಿ ಎಡಗಾಲಿನಿಂದ ಒತ್ತಿ ಬಾಣ ಬಿಡುತ್ತಿದ್ದರು.

● ಪಶ್ಚಿಮಘಟ್ಟದ ತಡಸಲು ಮರ ಬಾಗಿ ನೆಟ್ಟಗಾಗುವ ಗುಣಕ್ಕೆ ಹೆಸರುವಾಸಿ. ಕೊಡಲಿ, ಗುದ್ದಲಿಯ ಕಾವಿಗೂ ಗಾಡಿಯ ಮೂಕಿಗೂ ಅದನ್ನು ಹುಡುಕಿ ತರುತ್ತಿದ್ದರು. ಏಟಿನ ಅದುರನ್ನು ನುಂಗಿಕೊಳ್ಳುವ ಮರವೇ ಬಿಲ್ಲಿಗೂ ಬೇಕಾದದ್ದು.

● ಮರ ಆರಿಸಿದ ಮೇಲೆ ಬೆನ್ನಿನಲ್ಲಿ ಒಂದೇ ವಾರ್ಷಿಕ ಉಂಗುರವನ್ನು ತುದಿಯಿಂದ ತುದಿಗೆ ಕೆಡದಂತೆ ಉಳಿಸುವುದು ಬಿಲ್ಲುಗೆಲಸದ ಮೊದಲ ಪಾಠ. ಉಂಗುರ ಏರಿದಲ್ಲಿ ಏರಬೇಕು, ಇಳಿದಲ್ಲಿ ಇಳಿಯಬೇಕು. ಗಂಟಿನ ಸುತ್ತ ಒಂದು ದಿಬ್ಬವನ್ನೇ ಬಿಡಬೇಕು. ಬೆನ್ನನ್ನು ಮಟ್ಟಸ ಮಾಡುವ ಆಸೆಗೆ ಬಿದ್ದವನ ಬಿಲ್ಲು ಕೈಕೊಡುತ್ತದೆ. ಉಂಗುರ ಸರಿಯಾಗಿ ಉಳಿದ ಬಿಲ್ಲಿಗೆ ಮೀನಿನ ಚರ್ಮ ಬೇಕೇ ಬೇಕೆಂದಿಲ್ಲ. ಎಳೆ ತುಂಡಾದ ಬಿಲ್ಲಿಗೆ ಎಷ್ಟು ಚರ್ಮ ಸುತ್ತಿದರೂ ಸಾಲದು. ಚರ್ಮದ ನಿಜವಾದ ಗಿರಾಕಿ ಇವೆರಡರ ನಡುವಿನದು: ಅಲ್ಲೊಂದು ಗಂಟು, ಇಲ್ಲೊಂದು ಅನುಮಾನದ ಗೆರೆ ಇರುವ, ಆದರೂ ಎಸೆಯಲು ಮನಸ್ಸು ಬಾರದ ಮರ.

● ಮುಂದೆ ಎಲ್ಲ ಕೆತ್ತನೆ ಹೊಟ್ಟೆಯ ಕಡೆಯಿಂದಲೇ. ಬಾಚಿ, ಕೀಸುಳಿ, ಅರ, ಕೊನೆಗೆ ಗಾಜಿನ ಚೂರು. ಇಲ್ಲೊಂದು ಗಣಿತ: ತೋಳಿನ ಗಡಸು ದಪ್ಪದ ಘನಕ್ಕೆ ಅನುಗುಣ. ಅಗಲವನ್ನು ಹತ್ತರಲ್ಲೊಂದು ಪಾಲು ತೆಗೆದರೆ ಗಡಸು ಶೇ. 10 ಇಳಿಯುತ್ತದೆ. ದಪ್ಪವನ್ನು ಹತ್ತರಲ್ಲೊಂದು ಪಾಲು ತೆಗೆದರೆ ಶೇ. 27. ಎರಡು ಎಳೆತ ಹೆಚ್ಚು ಕೀಸಿದರೆ ದೊಡ್ಡವರ ಬಿಲ್ಲು ಮಕ್ಕಳ ಬಿಲ್ಲಾಗುವುದು ಹೀಗೆ.

ಆದ್ದರಿಂದ ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ ರಾಟೆಯ ಮೂಲಕ ಎಳೆಯುತ್ತ, ದೂರ ನಿಂತು ನೋಡುತ್ತಾರೆ. ಎರಡೂ ತೋಳು ಸಮನಾಗಿ ಬಾಗುತ್ತಿವೆಯೇ? ಎಲ್ಲಾದರೂ ಮಡಿಕೆ ಬಿದ್ದಂತೆ ಕಾಣುತ್ತಿದೆಯೇ? ಹೆಚ್ಚು ಬಾಗುವ ಕಡೆ ಕೈ ಹಾಕಬಾರದು, ಬಾಗದೆ ಬಿಮ್ಮಗೆ ನಿಂತ ಕಡೆ ಕೀಸಬೇಕು. ಕೀಸಿದ ಮೇಲೆ ಹತ್ತಾರು ಬಾರಿ ಮೆಲ್ಲಗೆ ಎಳೆದು ಬಿಟ್ಟು ಮರಕ್ಕೆ ಹೊಸ ಅಭ್ಯಾಸ ಮಾಡಿಸಿ ಮತ್ತೆ ನೋಡಬೇಕು. ಹಲವರು ಚರ್ಮ ಅಂಟಿಸುವುದು ಈ ಕೆಲಸ ಬಹುಪಾಲು ಮುಗಿದ ಮೇಲೆ. ಮೊದಲೇ ಹೊದಿಸಿದರೆ ಬೆನ್ನಿನಲ್ಲಿ ಏಳುವ ಸಿಬಿರು ಕಣ್ಣಿಗೆ ಬೀಳುವುದಿಲ್ಲ.

● ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಿದ್ದ ಶಕ್ತಿ ಬಿಲ್ಲಿನ ತೋಳಿಗೇ ವಾಪಸಾಗುತ್ತದೆ, ಒಂದೇ ಸಲಕ್ಕೆ ಮುರಿದರೂ ಮುರಿಯಿತು. ಅಂಗಡಿಯಲ್ಲಿ ಬಿಲ್ಲು ಕಂಡವರೆಲ್ಲ ಮೊದಲು ಮಾಡುವುದು ಇದನ್ನೇ!

● ಕೆಲಸ ಮುಗಿದ ಮೇಲೆ ಹೆದೆ ಇಳಿಸಿಡಿ. ಸದಾ ಬಾಗಿದ ಮರ ಬಾಗಿದಂತೆಯೇ ಉಳಿದು ಸೋಮಾರಿಯಾಗುತ್ತದೆ.

● ಬಿಲ್ಲಿನಿಂದ ಮೀನು ಹೊಡೆಯುವವರೂ ಇದ್ದಾರೆ. ಅಂಡಮಾನಿನ ಮೂಲನಿವಾಸಿಗಳು ತಿಳಿನೀರಿನ ಕಡಲಂಚಿನಲ್ಲಿ ನಿಂತು ಬಾಣ ಬಿಡುತ್ತಾರೆ. ಮೀನು ಕಾಣುವಲ್ಲಿಗೆ ಗುರಿ ಇಟ್ಟರೆ ತಪ್ಪುತ್ತದೆ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ, ನೇರ ಮೇಲಿನಿಂದ ನೋಡಿದರೂ ನಾಲ್ಕು ಅಡಿ ಆಳದ ಮೀನು ಮೂರೇ ಅಡಿಯಲ್ಲಿದ್ದಂತೆ ತೋರುತ್ತದೆ. ಓರೆಯಿಂದ ನೋಡಿದರೆ ಮೋಸ ಇನ್ನೂ ಹೆಚ್ಚು. ಕಂಡದ್ದಕ್ಕಿಂತ ಕೆಳಗೆ ಬಿಡಬೇಕು.

● ಬಿಲ್ಲು ಸಿದ್ಧವಾಯಿತೆಂದು ಕಾಡಿಗೆ ಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬಂದೂಕೂ ಒಂದೇ ಬಿಲ್ಲೂ ಒಂದೇ. ಹುಲ್ಲಿನ ಮೂಟೆಗೆ ಹೊಡೆಯಿರಿ.

● ಎಲ್ಲರೂ ಕೇಳುವ ಪ್ರಶ್ನೆ: ವಾಸನೆ ಬರುವುದಿಲ್ಲವೇ? ಜಿಡ್ಡು ಪೂರ್ತಿ ತೆಗೆದು ಚೆನ್ನಾಗಿ ಒಣಗಿಸಿದ್ದರೆ ಇಲ್ಲ. ಆದರೆ ಮನುಷ್ಯನ ಮೂಗಿಗೆ ಇಲ್ಲದ ವಾಸನೆ ಇಲಿಗೂ ಚರ್ಮ ತಿನ್ನುವ ಹುಳುವಿಗೂ ಇರುತ್ತದೆ. ಆ ಹುಳು ಮರ ತಿನ್ನುವುದಿಲ್ಲ, ಚರ್ಮವನ್ನಷ್ಟೇ ಜಾಲರಿ ಮಾಡಿಟ್ಟು ಹೋಗುತ್ತದೆ. ಅದಕ್ಕೇ ಕೊನೆಗೆ ವಾರ್ನಿಷ್‌ನ ಎರಡು ಮೂರು ತೆಳು ಪದರ ಬಳಿಯುವುದು, ಅಂಚುಗಳಿಗೆ ಇನ್ನೊಂದು ಕೈ ಹೆಚ್ಚು. ತೇವ ನುಗ್ಗುವುದು, ಚರ್ಮ ಏಳುವುದು, ಹುಳು ಸೇರುವುದು, ಮೂರೂ ಶುರುವಾಗುವುದು ಅಂಚಿನಿಂದಲೇ.